ಗಟ್ಟಿ ಬಂಡೆಗೆ ಬಟನ್ ಬಿಟ್ಟು

ಬೇಸಿಗೆ ಕಾಲಿಟ್ಟರೆ ಸಾಕು, ಹಗರಿಬೊಮ್ಮನಹಳ್ಳಿ ಕಡೆಯಿಂದ ತಂಬ್ರಹಳ್ಳಿಯ ಹೊಲಗಳಿಗೆ ಬೋರ್ ಲಾರಿಗಳು ಜೋಡಿಯಾಗಿ ಬರತೊಡಗುತ್ತವೆ. ಮುಂದೆ ಕೊರೆಯುವ ಲಾರಿ, ಹಿಂದೆ ರಾಡು, ಕೇಸಿಂಗ್ ಪೈಪು ಹೊತ್ತ ಲಾರಿ. ತಮಿಳುನಾಡಿನ ತಿರುಚೆಂಗೋಡಿನಿಂದ ಬಂದವೂ ಅವುಗಳಲ್ಲಿ ಇರುತ್ತವೆ. ತುಂಗಭದ್ರಾ ಜಲಾಶಯದ ಹಿನ್ನೀರು ಈ ಹೋಬಳಿಯ ಮಗ್ಗುಲಲ್ಲೇ ಇದ್ದರೂ ಎತ್ತರದ ಹೊಲಗಳಿಗೆ ಬೋರೇ ಗತಿ. ಪಾಯಿಂಟ್ ನೋಡಿಸಿ, ಕಾಯಿ ಒಡೆದು, ಊದಿನಕಡ್ಡಿ ಹಚ್ಚಿದ ಮೇಲೆ ಮನೆಮಂದಿಯೆಲ್ಲ ಕಣ್ಣಿಡುವುದು ಮೇಲೆ ಹಾರುವ ದೂಳಿನ ಮೇಲೆ. ರಾಡಿನ ತುದಿಯಲ್ಲಿ ಕೂತು ಕಲ್ಲು ಪುಡಿಮಾಡುವ ಬಿಟ್ಟನ್ನು ಮಾತ್ರ ಯಾರೂ ಬಗ್ಗಿ ನೋಡುವುದಿಲ್ಲ. ಅಡಿಗೆ ಇಷ್ಟು ಎಂದು ದುಡ್ಡು ಎಣಿಸುವ ರೈತ ಮೊದಲು ನೋಡಬೇಕಾದದ್ದೇ ಅದನ್ನು.

ಬಂಡೆ ರಂಗನಾಥಸ್ವಾಮಿಯ ಊರಾದ ತಂಬ್ರಹಳ್ಳಿಗೆ ಬಂಡೆಯ ಗಟ್ಟಿತನವನ್ನು ಬೇರೆ ಹೇಳಬೇಕಿಲ್ಲ. ಮೇಲಿನ ಮಣ್ಣು, ಸವೆದ ಮೆತ್ತನೆ ಕಲ್ಲು ದಾಟಿದರೆ ಕೆಳಗೆಲ್ಲ ಗ್ರಾನೈಟು, ನೈಸ್ ಶಿಲೆ. ಕೂಡ್ಲಿಗಿಯ ಆಚೆ ಹಾದುಹೋಗುವ ಕ್ಲೋಸ್‌ಪೇಟೆ ಗ್ರಾನೈಟಿನ ವಯಸ್ಸು ಸುಮಾರು 250 ಕೋಟಿ ವರ್ಷ. ಈ ಕಲ್ಲುಗಳಲ್ಲಿ ಬೆಣಚು ತುಂಬಿರುತ್ತದೆ. ಹತ್ತರ ಮೋಸ್ ಅಳತೆಯಲ್ಲಿ ಬೆಣಚಿನ ಗಡಸುತನ 7. ಬರೀ ಉಕ್ಕು ಇದರ ಮುಂದೆ ಬೇಗ ಮೊಂಡಾಗುತ್ತದೆ. ಹಂಪಿಯ ಗುಂಡುಗಳ ಮೇಲೆ ಸಾಲಾಗಿ ಕಾಣುವ ಬೆಣೆಗುಳಿಗಳನ್ನು ತೋಡಿದವರಿಗೆ ಉಳಿಯಷ್ಟೇ ಕುಲುಮೆಯೂ ಬೇಕಾಗಿತ್ತು. ಕಲ್ಲು ಒಡೆಯುವವರು ಇಂದಿಗೂ ಚಾಣಗಳನ್ನು ಆಗಾಗ ಕಾಯಿಸಿ, ತಟ್ಟಿ, ಹದ ಹಾಕಿಸಿಕೊಳ್ಳುತ್ತಾರೆ.

ಆ ತೊಡಕು ಬಿಡಿಸಿದ್ದು ಟಂಗ್‌ಸ್ಟನ್ ಕಾರ್ಬೈಡ್. 1923ರಲ್ಲಿ ಬರ್ಲಿನ್ನಿನ ಓಸ್ರಾಮ್ ಕಂಪನಿಯಲ್ಲಿದ್ದ ಕಾರ್ಲ್ ಶ್ರೋಟರ್ ಟಂಗ್‌ಸ್ಟನ್ ಕಾರ್ಬೈಡಿನ ಪುಡಿಯನ್ನು ಕೋಬಾಲ್ಟಿನಂಥ ಲೋಹದೊಂದಿಗೆ ಬೆರೆಸಿ, ಅಚ್ಚಿನಲ್ಲಿ ಒತ್ತಿ, ಬೇಯಿಸಿ ಗಟ್ಟಿ ಮಾಡುವ ಬಗೆಗೆ ಪೇಟೆಂಟ್ ಪಡೆದರು. ಕ್ರುಪ್ ಕಂಪನಿ ಅದನ್ನು ವಿಡಿಯಾ ಎಂಬ ಹೆಸರಿನಲ್ಲಿ ಮಾರಿತು. ಬೆಂಗಳೂರಿನ ತುಮಕೂರು ರಸ್ತೆಯಲ್ಲಿ ಇದೇ ಹೆಸರಿನ ಕಾರ್ಖಾನೆ ಇತ್ತು, ಅದು ಈಗ ಕೆನ್ನಮೆಟಲ್ ಇಂಡಿಯಾ. ಗಡಸುತನದಲ್ಲಿ ಕಾರ್ಬೈಡ್ ಬೆಣಚನ್ನು ಮೀರಿಸಿ 9ರ ಹತ್ತಿರ ನಿಲ್ಲುತ್ತದೆ, ತೂಕದಲ್ಲಿ ಕಬ್ಬಿಣದ ಎರಡರಷ್ಟು. ಆದರೆ ಅದಕ್ಕೊಂದು ದೌರ್ಬಲ್ಯವಿದೆ. ನೆಟ್ಟಗೆ ಬಿದ್ದ ಏಟನ್ನು ಎಷ್ಟಾದರೂ ತಾಳುತ್ತದೆ, ಅಡ್ಡ ಎಳೆತಕ್ಕೆ ಸಿಡಿಯುತ್ತದೆ. ಹಾಗಾಗಿ ಇಡೀ ಬಿಟ್ಟನ್ನು ಕಾರ್ಬೈಡಿನಲ್ಲಿ ಮಾಡುವುದಿಲ್ಲ. ಮೈ ಉಕ್ಕಿನದು, ಅದರ ಮುಖಕ್ಕೆ ಬಿಗಿಯಾಗಿ ಕೂರಿಸಿದ ಬಟನ್‌ಗಳಷ್ಟೇ ಕಾರ್ಬೈಡಿನವು.

ಬಿಟ್ಟು ಆರಿಸುವುದೆಂದರೆ ಮುಖ್ಯವಾಗಿ ಈ ಬಟನ್‌ಗಳ ಆಕಾರ ಆರಿಸುವುದು. ದುಂಡು ತಲೆಯ ಬಟನ್ ನಿಧಾನವಾಗಿ ಇಳಿದರೂ ಬೆಣಚು ತುಂಬಿದ ಗಟ್ಟಿ ಕಲ್ಲಿನಲ್ಲಿ ಬಾಳಿಕೆ ಬರುತ್ತದೆ. ಬಂದೂಕಿನ ಗುಂಡಿನಂತೆ ಚೂಪಾದ ಬಟನ್ ಮೆತ್ತನೆ ಮತ್ತು ನಡುಗಡಸು ಕಲ್ಲಿನಲ್ಲಿ ಬೇಗ ಇಳಿಯುತ್ತದೆ, ಗ್ರಾನೈಟಿನಲ್ಲಿ ಮುರಿಯುವ ಭಯ ಹೆಚ್ಚು. ದಿನಕ್ಕೊಂದು ಬೋರು ಹೆಚ್ಚಿಗೆ ಮುಗಿಸುವ ಆಸೆಗೆ ಚೂಪು ಬಟನ್ ಹಿಡಿದು ಈ ನೆಲಕ್ಕೆ ಬರುವುದು ನನ್ನ ಮಟ್ಟಿಗೆ ತಪ್ಪು ಲೆಕ್ಕ. ಒಂದು ಬಟನ್ ಮುರಿದು ತಳಕ್ಕೆ ಬಿದ್ದರೆ ಆ ಚೂರೇ ಉಳಿದ ಬಟನ್‌ಗಳನ್ನು ಒಡೆಯುತ್ತದೆ.

ಕೊರೆಯುವ ಬಗೆಯೂ ನಾವು ಅಂದುಕೊಂಡಂತಿಲ್ಲ. ಬಿಟ್ಟು ತಿರುಗಿ ತಿರುಗಿ ಕಲ್ಲನ್ನು ಕೊರೆಯುತ್ತದೆಂದು ನೋಡುವವರಿಗೆ ಅನ್ನಿಸುತ್ತದೆ. ನಿಜವಾದ ಕೆಲಸ ಏಟಿನದು. ಬಿಟ್ಟಿನ ಬೆನ್ನಿಗೇ ಇರುವ ಹ್ಯಾಮರಿನ ಪಿಸ್ಟನ್ನು ಗಾಳಿಯ ಒತ್ತಡಕ್ಕೆ ನಿಮಿಷಕ್ಕೆ ಸಾವಿರಕ್ಕೂ ಮಿಕ್ಕಿ ಬಡಿಯುತ್ತದೆ. ಅದೇ ನಿಮಿಷದಲ್ಲಿ ರಾಡು ಸುತ್ತುವುದು ಇಪ್ಪತ್ತು, ಮೂವತ್ತು ಸಲ ಮಾತ್ರ, ಅದೂ ಪ್ರತಿ ಏಟೂ ಹೊಸ ಜಾಗಕ್ಕೆ ಬೀಳಲೆಂದು. ಜೋರಾಗಿ ಸುತ್ತಿಸಿದರೆ ಅಂಚಿನ ಬಟನ್‌ಗಳು ಕಲ್ಲಿಗೆ ಉಜ್ಜಿ ಸವೆಯುತ್ತವೆ. ಮೇಲಿನಿಂದ ಅತಿಯಾಗಿ ಒತ್ತಿದರೆ ರಾಡು ಬಾಗಿ ಬೋರೇ ಸೊಟ್ಟಗಾಗುತ್ತದೆ. ತೀರಾ ಸಡಿಲ ಬಿಟ್ಟರೆ ಹ್ಯಾಮರು ಖಾಲಿ ಬಡಿದುಕೊಂಡು ಬಟನ್ ಕಳಚುತ್ತದೆ. ನುರಿತ ಡ್ರಿಲ್ಲರ್ ಇದನ್ನೆಲ್ಲ ಸದ್ದಿನಲ್ಲೇ ಹಿಡಿಯುತ್ತಾನೆ. ಸದ್ದು ಬದಲಾಯಿತೆಂದರೆ ಕೈ ತಾನಾಗಿ ಲಿವರಿಗೆ ಹೋಗುತ್ತದೆ. ನಡುನಡುವೆ ಗಾಳಿ ಊದಿ ತಳದ ಪುಡಿಯನ್ನು ಹೊರಹಾಕಲೇಬೇಕು, ಇಲ್ಲವಾದರೆ ಬಿಟ್ಟು ಕಲ್ಲನ್ನು ಬಿಟ್ಟು ತನ್ನ ಪುಡಿಯನ್ನೇ ಮತ್ತೆ ಮತ್ತೆ ಅರೆಯುತ್ತಿರುತ್ತದೆ.

ಮನೆಗೋಡೆಗೆ ತೂತು ಹಾಕುವ ಕೈ ಡ್ರಿಲ್ಲಿಗೂ ಈ ಮಾತು ಸಲ್ಲುತ್ತದೆ. ಅದರ ತುದಿಯ ಕಾರ್ಬೈಡ್ ಹಲ್ಲನ್ನು ಬೆಸುಗೆ ಹಾಕಿ ಕೂರಿಸಿರುತ್ತಾರೆ. ಕಾಂಕ್ರೀಟು, ಕಲ್ಲಿಗೆ ಹ್ಯಾಮರ್ ಮೋಡ್ ಹಾಕಬೇಕು, ಟೈಲ್ಸಿಗೆ ಹಾಕಲೇಬಾರದು. ಆಗಾಗ ಹೊರಗೆಳೆದು ದೂಳು ತೆಗೆಯಬೇಕು. ಕೆಂಪಗೆ ಕಾದ ಬಿಟ್ಟನ್ನು ನೀರಿಗೆ ಅದ್ದುವ ಅಭ್ಯಾಸ ಅನೇಕರಿಗಿದೆ. ಹಾಗೆ ಮಾಡಿದರೆ ಹಲ್ಲು ಬಿರುಕು ಬಿಡುತ್ತದೆ, ಗಾಳಿಗೆ ತಾನಾಗಿ ಆರಲು ಬಿಡಬೇಕು.

ಇನ್ನು ಸಾಣೆಯ ಮಾತು. ದುಂಡಗಿದ್ದ ಬಟನ್ನಿನ ನೆತ್ತಿ ಬೋರಿನಿಂದ ಬೋರಿಗೆ ಚಪ್ಪಟೆಯಾಗುತ್ತ ಹೋಗುತ್ತದೆ. ಚಪ್ಪಟೆಯಾದ ಜಾಗ ಬಟನ್ನಿನ ಅಗಲದ ಮೂರನೇ ಒಂದು ಭಾಗಕ್ಕೆ ಬಂತೆಂದರೆ, ಅಂದರೆ 16 ಮಿಲಿಮೀಟರ್ ಬಟನ್ನಿಗೆ 5 ಮಿಲಿಮೀಟರಿನಷ್ಟಾದರೆ, ಕೆಲಸ ನಿಲ್ಲಿಸಿ ವಜ್ರದ ಸಾಣೆಚಕ್ರ ಹಿಡಿದು ಮತ್ತೆ ದುಂಡಗೆ ಮಾಡಿಕೊಳ್ಳಬೇಕು. ಇನ್ನೊಂದು ಬೋರು ಮುಗಿಯಲಿ ಎಂದು ದೂಡಿದರೆ ಡೀಸೆಲ್ಲೂ ಹೆಚ್ಚು ಹೋಗುತ್ತದೆ, ಬಟನ್ನೂ ಒಡೆಯುತ್ತದೆ.

ಇದಕ್ಕಿಂತ ದೊಡ್ಡ ನಷ್ಟ ರೈತನಿಗೆ ಕಾಣದಂತೆ ಆಗುವುದುಂಟು. ಮೊದಲು ಸವೆಯುವುದು ಅಂಚಿನ ಬಟನ್‌ಗಳು, ಏಕೆಂದರೆ ಹೆಚ್ಚು ದೂರ ಸುತ್ತುವವೂ ಗೋಡೆಗೆ ಉಜ್ಜುವವೂ ಅವೇ. ಅವು ಸವೆದಂತೆ ಬಿಟ್ಟಿನ ಅಗಲ ಕುಗ್ಗುತ್ತದೆ, ಆರೂವರೆ ಇಂಚಿನ ಬೋರು ಕೆಳಗೆ ಹೋದಂತೆ ಸಣ್ಣದಾಗುತ್ತದೆ. ಅರ್ಧ ಇಳಿದ ಮೇಲೆ ಹೊಸ ಬಿಟ್ಟು ಹಾಕಿದರೆ ಅದು ಆ ಇಕ್ಕಟ್ಟಿನಲ್ಲಿ ಸಿಕ್ಕಿಕೊಂಡು ಹ್ಯಾಮರ್ ಸಮೇತ ಉಳಿದುಬಿಡಬಹುದು. ಆದ್ದರಿಂದ ತಿಳಿದ ಡ್ರಿಲ್ಲರ್ ತನ್ನಲ್ಲಿರುವ ಬಿಟ್ಟುಗಳನ್ನು ಅಳೆದು, ಅಗಲವಾದದ್ದನ್ನು ಮೊದಲು ಇಳಿಸಿ, ಸವೆದದ್ದನ್ನು ಕೊನೆಗೆ ಇಟ್ಟುಕೊಳ್ಳುತ್ತಾನೆ. ಕೇಸಿಂಗ್ ಇಳಿಸಿದ ಮೇಲೆ, ಬಂಡೆ ಕೊರೆಯಲು ಬಿಟ್ಟು ಕಟ್ಟುವ ಮುನ್ನ, ಹೊಲದ ಯಜಮಾನ ಒಂದು ಟೇಪು ಹಿಡಿದು ಅದರ ಅಗಲ ಅಳೆಯಲಿ, ಬಟನ್‌ಗಳ ಮೇಲೆ ಬೆರಳಾಡಿಸಿ ನೋಡಲಿ. ಅದಕ್ಕೆ ಎರಡು ನಿಮಿಷ ಸಾಕು, ಒಳ್ಳೆಯ ಡ್ರಿಲ್ಲರ್ ಯಾರೂ ಬೇಡವೆನ್ನುವುದಿಲ್ಲ.