ಪಹಣಿ ಪತ್ರದ ಜೊತೆ ಇಡಬೇಕಾದ ಫೈಲು

ಭೀಮುನಿಪಟ್ಟಣದಿಂದ ಕಡಲ ದಾರಿ ಹಿಡಿದು ವಿಶಾಖಪಟ್ಟಣವನ್ನು ಪೂರ್ತಿ ದಾಟಿದರೆ, ಉಕ್ಕಿನ ಕಾರ್ಖಾನೆಯ ಸೀಮೆಯಲ್ಲಿ ಅಗನಂಪೂಡಿ ಸಿಗುತ್ತದೆ. ಮುಂಬೈನ ಟಾಟಾ ಮೆಮೋರಿಯಲ್ ಸೆಂಟರಿನ ಹೋಮಿ ಭಾಭಾ ಕ್ಯಾನ್ಸರ್ ಆಸ್ಪತ್ರೆ ಇರುವುದು ಇಲ್ಲೇ. 2014ರಲ್ಲಿ ಶುರುವಾದ ಈ ಆಸ್ಪತ್ರೆಯಿಂದ ಉತ್ತರಾಂಧ್ರದವರಿಗೆ ಮುಂಬೈ ರೈಲು ಹತ್ತುವ ಕಷ್ಟ ತಗ್ಗಿತು. ಲಿಂಫೋಮಾ ರೋಗಿಗೆ ಇದು ಸಣ್ಣ ಉಪಕಾರವಲ್ಲ. ಕೀಮೊ ಮುಗಿದರೂ ಆಸ್ಪತ್ರೆಯ ನಂಟು ಮುಗಿಯದ ಕಾಯಿಲೆ ಅದು.

ಲಿಂಫೋಮಾ ಎಂದರೆ ದುಗ್ಧರಸ ಗ್ರಂಥಿಗಳ ಕ್ಯಾನ್ಸರ್. ಬೇಗ ಬೆಳೆಯುವ ಬಿ-ಕೋಶದ ಬಗೆಯಲ್ಲಿ, ಮರಳುವುದಿದ್ದರೆ ಹೆಚ್ಚಾಗಿ ಮೊದಲ ಎರಡು ವರ್ಷದಲ್ಲೇ ಮರಳುತ್ತದೆ. ಐದು ವರ್ಷ ಕಳೆದರೆ ಮನೆಯವರು ಹರಕೆ ತೀರಿಸಿ ಬರುತ್ತಾರೆ, ತೀರಿಸಲೇಬೇಕು. ಆದರೆ ಕೆಲವರಿಗೆ ಏಳನೇ ವರ್ಷಕ್ಕೋ ಹತ್ತಕ್ಕೋ ಕತ್ತಿನಲ್ಲಿ ಮತ್ತೆ ಗಂಟು ಕಾಣುತ್ತದೆ. ತಪಾಸಣೆಗೆ ಹೋದವರಿಗೆ ಗೊತ್ತು, ವೈದ್ಯರ ಬೆರಳು ದವಡೆಯ ಕೆಳಗಿಂದ ಹೊರಟು ಕೊರಳೆಲುಬಿನ ಹಿಂದಿನ ಗುಳಿಗೆ ಇಳಿದು, ಕಂಕುಳು, ತೊಡೆಸಂದು ಮುಟ್ಟಿ ಬರುತ್ತದೆ. ನೋವಿಲ್ಲದ, ರಬ್ಬರಿನಂಥ ಗಂಟಿಗಾಗಿ ಅದರ ಹುಡುಕಾಟ.

ಸಿಕ್ಕಿತೆಂದು ಹಳೇ ಮದ್ದನ್ನೇ ಹಚ್ಚುವಂತಿಲ್ಲ. ಮತ್ತೆ ಬಯಾಪ್ಸಿ ಆಗಬೇಕು. ಬೇರೆಯದೇ ಲಿಂಫೋಮಾ ಇರಬಹುದು, ನಮ್ಮ ದೇಶದಲ್ಲಿ ಟಿ.ಬಿ. ಗಂಟೂ ಇರಬಹುದು. ಹೋಲಿಸಿ ನೋಡಲು ಮೊದಲ ಬಯಾಪ್ಸಿಯ ತುಣುಕನ್ನು ಕೂಡಿಸಿಟ್ಟ ಮೇಣದ ಬಿಲ್ಲೆ ಬೇಕು. ಇನ್ನೊಂದು ಲೆಕ್ಕ ಕೆಂಪು ಮದ್ದಿನದು. ಡಾಕ್ಸೊರುಬಿಸಿನ್ ಎಂಬ ಈ ಕೀಮೊ ಮದ್ದು ಹೆಚ್ಚಾದರೆ ಹೃದಯ ಸೋಲಬಹುದು. ದೇಹದ ಮೇಲ್ಮೈಯ ಪ್ರತಿ ಚದರ ಮೀಟರಿಗೆ ಇಡೀ ಆಯುಷ್ಯದಲ್ಲಿ ಸುಮಾರು 450 ಮಿಲಿಗ್ರಾಂ ದಾಟದಂತೆ ನೋಡಿಕೊಳ್ಳುತ್ತಾರೆ. ರೂಢಿಯ ಆರು ಸುತ್ತಿನಲ್ಲೇ 300 ಮುಗಿದಿರುತ್ತದೆ. ಯಾರಿಗೆ ಎಷ್ಟು ಹೋಗಿದೆ ಎನ್ನುವುದನ್ನು ಹಳೇ ಫೈಲೇ ಹೇಳಬೇಕು, ರೋಗಿಗೆ ನೆನಪಿರುವುದು ಬಣ್ಣ ಮಾತ್ರ.

ಧೈರ್ಯದ ಮಾತೂ ಇದೆ. ತಡವಾಗಿ ಮರಳಿದ ಕಾಯಿಲೆ ಸಾಮಾನ್ಯವಾಗಿ ಬೇಗ ಮರಳಿದ್ದಕ್ಕಿಂತ ಮದ್ದಿಗೆ ಚೆನ್ನಾಗಿ ಬಗ್ಗುತ್ತದೆ. ಬೇರೆ ಕೀಮೊ ಇದೆ. ತಡೆದುಕೊಳ್ಳಬಲ್ಲವರಿಗೆ ಅವರದೇ ಆಕರಕೋಶಗಳ ಕಸಿ ಇದೆ. ಐಐಟಿ ಬಾಂಬೆ ಮತ್ತು ಟಾಟಾ ಮೆಮೋರಿಯಲ್ ಸೇರಿ ರೂಪಿಸಿದ, ರೋಗಿಯದೇ ರಕ್ಷಣಾ ಕೋಶಗಳನ್ನು ಮಾರ್ಪಡಿಸಿ ಕೊಡುವ ಕಾರ್-ಟಿ ಚಿಕಿತ್ಸೆ ನೆಕ್ಸ್‌ಕಾರ್19ಕ್ಕೆ 2023ರ ಅಕ್ಟೋಬರಿನಲ್ಲಿ ಒಪ್ಪಿಗೆಯೂ ಸಿಕ್ಕಿದೆ.

ಅಗನಂಪೂಡಿಯಾಗಲಿ, ನಮ್ಮ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಯಾಗಲಿ, ಚಿಕಿತ್ಸೆ ಮುಗಿಸಿ ಬಂದವರಲ್ಲಿ ಒಂದು ಕೋರಿಕೆ. ಡಿಸ್ಚಾರ್ಜ್ ಸಮ್ಮರಿ, ಬಯಾಪ್ಸಿ ನಂಬರಿರುವ ಹಾಳೆ, ಎರಡನ್ನೂ ಜೆರಾಕ್ಸ್ ಮಾಡಿಸಿ ಟ್ರಂಕಿನಲ್ಲಿ ಪಹಣಿ ಪತ್ರದ ಜೊತೆಗಿಡಿ. ಎಲ್ಲಿದೆ ಎಂದು ಮನೆಯ ಇನ್ನೊಬ್ಬರಿಗೂ ಹೇಳಿರಿ.