ಶಾಫ್ಟಿಗೂ ದಾರಿ, ಹೊಗೆಗೂ ದಾರಿ

ಎಂಜಿನ್ನಿನ ಬಲ ಹಿಂದಿನ ಚಕ್ರಗಳಿಗೆ ಮಾತ್ರ ಹೋಗುವ ಜೀಪನ್ನು ಫೋರ್‌ವೀಲ್ ಡ್ರೈವ್‌ಗೆ ಬದಲಿಸಲು ಹೊರಟವರು ಮೊದಲು ಮೂರು ಸಾಮಾನುಗಳ ಲೆಕ್ಕ ಹಾಕುತ್ತಾರೆ: ಬಲವನ್ನು ಹಿಂದಕ್ಕೂ ಮುಂದಕ್ಕೂ ಹಂಚುವ ಟ್ರಾನ್ಸ್‌ಫರ್ ಕೇಸ್, ಡಿಫರೆನ್ಶಿಯಲ್ ಇರುವ ಮುಂದಿನ ಆಕ್ಸಲ್, ಇವೆರಡನ್ನೂ ಜೋಡಿಸುವ ಪ್ರೊಪೆಲ್ಲರ್ ಶಾಫ್ಟ್. ಸೈಲೆನ್ಸರ್ ಪೈಪಿನ ಯೋಚನೆ ಬರುವುದು ಎಲ್ಲ ಬಿಗಿದಾದ ಮೇಲೆ, ಅದು ಯಾವುದಕ್ಕೋ ತಾಗುತ್ತದೆಂದು ಗೊತ್ತಾದಾಗ. ಈ ಕ್ರಮ ತಿರುಗಬೇಕು. ಹೊಗೆಯ ದಾರಿ ಕಾಗದದ ಮೇಲೆ ತೀರ್ಮಾನವಾದ ನಂತರವೇ ಉಳಿದ ಕೆಲಸಕ್ಕೆ ಕೈಹಾಕಬೇಕು. ಏಕೆಂದರೆ ಈ ಬದಲಾವಣೆಯಲ್ಲಿ ಹೊಸ ಶಾಫ್ಟ್ ಕೇಳುವ ಜಾಗ ಬಹುಪಾಲು ಹಳೆಯ ಪೈಪಿನ ಜಾಗವೇ ಆಗಿರುತ್ತದೆ.

ಎರಡು ಚಕ್ರದ ಚಾಲನೆಯ ಗಾಡಿಯಲ್ಲಿ ಎಂಜಿನ್ ಮತ್ತು ಗೇರ್‌ಬಾಕ್ಸಿನ ಪಕ್ಕದ ಜಾಗ ಖಾಲಿ ಇರುತ್ತದೆ. ಮ್ಯಾನಿಫೋಲ್ಡಿನಿಂದ ಇಳಿದ ಪೈಪು ಅಲ್ಲಿ ನಿರಾತಂಕವಾಗಿ ಹಿಂದಕ್ಕೆ ಹೋಗುತ್ತದೆ. ಮುಂದಿನ ಶಾಫ್ಟ್ ಎಂಜಿನ್ನಿನ ನಡುವೆ ಹಾಯಲಾರದು, ಅದೂ ಒಂದು ಪಕ್ಕಕ್ಕೆ ಸರಿಯಲೇಬೇಕು. ವಿಲ್ಲಿಸ್ ಜೀಪಿನಲ್ಲಿ ಡಿಫರೆನ್ಶಿಯಲ್ ಆಕ್ಸಲ್ಲಿನ ನಡುವೆ ಇರದೆ ಬಲಕ್ಕೆ ಸರಿದಿರುವುದು ಇದೇ ಕಾರಣಕ್ಕೆ. ಆದ್ದರಿಂದ ಕೇಳಬೇಕಾದ ಮೊದಲ ಪ್ರಶ್ನೆ: ಮ್ಯಾನಿಫೋಲ್ಡ್ ಯಾವ ಪಕ್ಕ, ಶಾಫ್ಟ್ ಯಾವ ಪಕ್ಕ? ಎರಡೂ ಬೇರೆ ಬೇರೆ ಪಕ್ಕದಲ್ಲಿದ್ದರೆ ಕೆಲಸ ಸುಲಭ. ಒಂದೇ ಪಕ್ಕಕ್ಕೆ ಬಂದರೆ ಮಣಿಯಬೇಕಾದದ್ದು ಪೈಪು. ಶಾಫ್ಟ್ ತುದಿಯಿಂದ ತುದಿಗೆ ನೇರವಾಗಿಯೇ ಇರಬೇಕು, ಅದರ ಜಾಯಿಂಟುಗಳು ಸಣ್ಣ ಕೋನವನ್ನಷ್ಟೇ ಸಹಿಸುತ್ತವೆ. ಪೈಪನ್ನಾದರೋ ಬಗ್ಗಿಸಬಹುದು.

ಎಲ್ಲಿ ಬಗ್ಗಿಸಬೇಕೆಂಬುದನ್ನು ಗಾಡಿ ನಿಂತಾಗ ಕಾಣುವ ಸಂದು ನೋಡಿ ನಿರ್ಧರಿಸುವಂತಿಲ್ಲ. ಹಳ್ಳಕ್ಕೆ ಇಳಿದಾಗ, ಬಂಡೆ ಹತ್ತಿದಾಗ ಮುಂದಿನ ಆಕ್ಸಲ್ ಮೇಲೆ ಕೆಳಗೆ ಚಲಿಸುತ್ತದೆ. ಶಾಫ್ಟಿನ ಮುಂದಿನ ತುದಿಯೂ ಅದರೊಂದಿಗೇ ಹೋಗುತ್ತದೆ. ಆಕ್ಸಲ್ 150 ಮಿಲಿಮೀಟರ್ ಏರಿದರೆ ಶಾಫ್ಟಿನ ನಡುಭಾಗ ಸುಮಾರು 75 ಮಿಲಿಮೀಟರ್ ಏರುತ್ತದೆ, ಟ್ರಾನ್ಸ್‌ಫರ್ ಕೇಸಿನ ಬಳಿಯ ತುದಿ ಹೆಚ್ಚುಕಡಿಮೆ ಇದ್ದಲ್ಲೇ ಇರುತ್ತದೆ. ಇತ್ತ ಪೈಪೂ ಸುಮ್ಮನಿರುವುದಿಲ್ಲ. ರಬ್ಬರ್ ಮೌಂಟಿಂಗಿನ ಮೇಲೆ ಎಂಜಿನ್ ವಾಲಿದಂತೆ ಅದೂ ವಾಲುತ್ತದೆ. ಬಿಸಿ 300 ಡಿಗ್ರಿ ಸೆಲ್ಸಿಯಸ್ ಏರಿದರೆ ಒಂದೂವರೆ ಮೀಟರ್ ಉದ್ದದ ಉಕ್ಕಿನ ಪೈಪು ಐದು ಮಿಲಿಮೀಟರಿಗಿಂತ ಹೆಚ್ಚು ಹಿಗ್ಗುತ್ತದೆ. ಹಾಗಾಗಿ ಪೈಪು ಶಾಫ್ಟನ್ನು ದಾಟಲೇಬೇಕಾದರೆ ಟ್ರಾನ್ಸ್‌ಫರ್ ಕೇಸಿನ ಕಡೆ, ಶಾಫ್ಟಿನ ಓಲಾಟ ಕಡಿಮೆ ಇರುವಲ್ಲಿ ದಾಟುವುದು ಮೇಲು. ಸ್ಪ್ರಿಂಗ್ ಪೂರ್ತಿ ಒತ್ತಿದಾಗ ಒಮ್ಮೆ, ಪೂರ್ತಿ ಜೋತಾಗ ಇನ್ನೊಮ್ಮೆ ಅಂತರ ಅಳೆಯಬೇಕು.

ತಾಗದಿದ್ದರೆ ಸಾಕೇ? ಸಾಲದು, ಶಾಖ ಮುಟ್ಟದೆಯೂ ಸುಡುತ್ತದೆ. ಭಾರ ಎಳೆಯುವ ಡೀಸೆಲ್ ಎಂಜಿನ್ನಿನ ಮ್ಯಾನಿಫೋಲ್ಡಿನಲ್ಲಿ ಹೊಗೆಯ ಬಿಸಿ 500 ಡಿಗ್ರಿ ದಾಟಬಲ್ಲದು. ಸಾಮಾನ್ಯ ಲಿಥಿಯಂ ಗ್ರೀಸ್ 200 ಡಿಗ್ರಿಯ ಆಸುಪಾಸಿನಲ್ಲಿ ಕರಗಿ ತೊಟ್ಟಿಕ್ಕುತ್ತದೆ. ಟ್ರಾನ್ಸ್‌ಫರ್ ಕೇಸಿನ ನೈಟ್ರೈಲ್ ರಬ್ಬರಿನ ಆಯಿಲ್ ಸೀಲಿಗೆ 100 ಡಿಗ್ರಿಯ ಮೇಲೆ ಕಷ್ಟಕಾಲ ಶುರುವಾಗುತ್ತದೆ. ಇಲ್ಲಿ ಭೌತವಿಜ್ಞಾನದ ಒಂದು ನಿಯಮ ನೆರವಿಗೆ ಬರುತ್ತದೆ: ವಿಕಿರಣದ ಶಾಖ ನಿರಪೇಕ್ಷ ಉಷ್ಣತೆಯ ನಾಲ್ಕನೆಯ ಘಾತಕ್ಕೆ ಅನುಗುಣವಾಗಿರುತ್ತದೆ. ಪೈಪಿನ ಮೈ 500 ಡಿಗ್ರಿಯಿಂದ 250ಕ್ಕೆ ಇಳಿದರೆ ಅದು ಹೊರಸೂಸುವ ಶಾಖ ಐದನೇ ಒಂದರಷ್ಟಾಗುತ್ತದೆ. ಮ್ಯಾನಿಫೋಲ್ಡಿನಿಂದ ದೂರ ಸರಿದಷ್ಟೂ ಲಾಭ, ನಡುವೆ ಗಾಳಿಯಾಡುವಂತೆ ಒಂದು ತಗಡಿನ ಮರೆ ಇಟ್ಟರೆ ಇನ್ನಷ್ಟು ಲಾಭ. ಪೈಪಿಗೆ ಶಾಖನಿರೋಧಕ ಪಟ್ಟಿ ಸುತ್ತಿದರಾಯಿತು ಎನ್ನುವವರಿದ್ದಾರೆ. ಆ ಪಟ್ಟಿ ನೀರು ಹಿಡಿದುಕೊಂಡು ಉಕ್ಕಿಗೆ ತುಕ್ಕು ತರುತ್ತದೆ, ಅಂತರದ ಸಮಸ್ಯೆಯನ್ನಂತೂ ಬಗೆಹರಿಸುವುದಿಲ್ಲ.

ಬಾಗು ಹೆಚ್ಚಿದರೆ ಎಂಜಿನ್ ಉಸಿರುಗಟ್ಟುತ್ತದೆ ಎಂಬ ಆಕ್ಷೇಪಣೆ ಇದಕ್ಕಿಂತ ಗಟ್ಟಿಯಾದದ್ದು. ಟರ್ಬೊ ಇರುವ ಎಂಜಿನ್ನಿಗೆ ಹಿಂದೊತ್ತಡ ನಿಜಕ್ಕೂ ಹಾನಿ. ಆದರೆ ಒತ್ತಡದ ನಷ್ಟ ಹೊಗೆಯ ವೇಗದ ವರ್ಗಕ್ಕೆ ಅನುಗುಣವಾಗಿ ಬದಲಾಗುತ್ತದೆ, ವೇಗ ಅರ್ಧವಾದರೆ ನಷ್ಟ ಕಾಲುಭಾಗ. ಕೊಡಗಿನ ತೋಟದ ಏರಿನಲ್ಲಿ ಲೋ ಗೇರಿನಲ್ಲಿ ತೆವಳುವ ಗಾಡಿ ಎಂಜಿನ್ನನ್ನು ಗರಿಷ್ಠ ಸುತ್ತಿಗೆ ಒಯ್ಯುವುದು ಅಪರೂಪ. ಬಾಗಿನಲ್ಲಿ ಪೈಪು ಚಪ್ಪಟೆಯಾಗದೆ, ತಿರುವು ಅಗಲವಾಗಿದ್ದರೆ ಒಂದೆರಡು ಹೆಚ್ಚುವರಿ ಬಾಗು ದೊಡ್ಡ ದಂಡವಲ್ಲ. ಬಾಗು ತಪ್ಪಿಸಲು ಪೈಪನ್ನು ಶಾಫ್ಟಿನ ಕೆಳಗೆ ಹಾಯಿಸಿದರೆ ಕಲ್ಲಿನ ಮೊದಲ ಹೊಡೆತ ಅದಕ್ಕೇ ಬೀಳುತ್ತದೆ. ಗಾಡಿಯ ನಡುವಿನಲ್ಲೇ ಕತ್ತರಿಸಿ ಬಾಗಿಲ ಕೆಳಗೆ ಬಿಟ್ಟರೆ ಇನ್ನೂ ಅಪಾಯ. ಬಣ್ಣ, ವಾಸನೆ ಇಲ್ಲದ ಕಾರ್ಬನ್ ಮೊನಾಕ್ಸೈಡ್ ಒಳಗೆ ಸೇರಬಹುದು. ಅದು ರಕ್ತದ ಹಿಮೋಗ್ಲೋಬಿನ್ನಿಗೆ ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಬಲವಾಗಿ ಅಂಟಿಕೊಳ್ಳುತ್ತದೆ.

ಈ ಎಲ್ಲ ಲೆಕ್ಕವನ್ನು ಕಾರ್ಖಾನೆಯೇ ಮಾಡಿಟ್ಟಿರುವ ಸಂದರ್ಭಗಳೂ ಇವೆ. 2010ರ ಮಹೀಂದ್ರಾ ಥಾರ್ ಎರಡೂ ಬಗೆಯ ಚಾಲನೆಯಲ್ಲಿ ಮಾರಾಟವಾಯಿತು. ಅಂಥ ಮಾದರಿಗೆ ಕಂಪನಿಯ ಫೋರ್‌ವೀಲ್ ಗಾಡಿಯ ಪೈಪಿನ ದಾರಿಯೇ ಒಳ್ಳೆಯ ನಕ್ಷೆ. ಮೋಟಾರು ವಾಹನ ಕಾಯ್ದೆಯ 52ನೇ ಕಲಮು ಮತ್ತು ಅದರ ಬಗ್ಗೆ ಸುಪ್ರೀಂ ಕೋರ್ಟ್ 2019ರಲ್ಲಿ ಕೊಟ್ಟ ತೀರ್ಪು ಕಂಪನಿಯ ವಿನ್ಯಾಸದಿಂದ ದೂರ ಸರಿಯುವ ಬದಲಾವಣೆಗಳಿಗೆ ಕಡಿವಾಣ ಹಾಕಿವೆ. ಹಾಗಾಗಿ ಆರ್‌ಟಿಒ ಕಚೇರಿಯಲ್ಲಿ ವಿಚಾರಿಸುವುದು ಸಾಮಾನು ಕೊಳ್ಳುವುದಕ್ಕೆ ಮುಂಚಿನ ಕೆಲಸ. ಅನುಮತಿ ಸಿಕ್ಕರೆ ಆಕ್ಸಲ್ ಆರಿಸುವ ಮೊದಲೇ ಪೈಪಿನ ದಾರಿಯನ್ನು ಗುರುತಿಸಬೇಕು. ಡಿಫರೆನ್ಶಿಯಲ್ ಯಾವ ಪಕ್ಕದ್ದು ಬೇಕು ಎಂಬ ಉತ್ತರವೂ ಆಗಲೇ ಸಿಗುತ್ತದೆ. ಕೊಂಡು ತಂದ ಮೇಲೆ ಸಿಕ್ಕರೆ ಅದರಿಂದ ಪ್ರಯೋಜನವಿಲ್ಲ.