ಡೇಟಾಬೇಸ್ ಸಂಪರ್ಕಗಳನ್ನು ಓದಲು ಕಲಿಸುವುದು

ಮೈಎಸ್‌ಕ್ಯೂಎಲ್ ಸರ್ವರ್‌ಗೆ ಏಕಕಾಲದಲ್ಲಿ ಇರಬಹುದಾದ ಸಂಪರ್ಕಗಳ ಮಿತಿ, ನಾವು ಬದಲಾಯಿಸದಿದ್ದರೆ, 151. ಅದು ತುಂಬಿದರೆ ಹೊಸ ವಿದ್ಯಾರ್ಥಿಗೆ ಪ್ರವೇಶ ಸಿಗದು. ಆದ್ದರಿಂದ ಪ್ರಯೋಗಾಲಯದ ಪಾಠವನ್ನು ‘ಈಗ ಯಾರು ಸಂಪರ್ಕದಲ್ಲಿದ್ದಾರೆ?’ ಎಂಬ ಪ್ರಶ್ನೆಯಿಂದ ಆರಂಭಿಸಬಹುದು.

ಉತ್ತರವನ್ನು ಎರಡು ಹಂತಗಳಲ್ಲಿ ತೋರಿಸಿ. ಸರ್ವರ್ ಗಣಕದಲ್ಲಿ ‘ನೆಟ್‌ಸ್ಟಾಟ್’ ಆದೇಶ ಕೊಟ್ಟರೆ, ಯಾವ ಯಾವ ಐಪಿ ವಿಳಾಸಗಳಿಂದ 3306ನೇ ಪೋರ್ಟ್‌ಗೆ ಸಂಪರ್ಕವಿದೆ ಎಂಬುದು ಕಾಣುತ್ತದೆ; ಅಲ್ಲಿ ಕೆಲಸ ನಡೆಯುತ್ತಿದೆಯೇ ಎಂಬುದು ಕಾಣದು. ಅದನ್ನು ಡೇಟಾಬೇಸ್‌ನ ‘ಶೋ ಪ್ರೊಸೆಸ್‌ಲಿಸ್ಟ್’ ತಿಳಿಸುತ್ತದೆ: ಬಳಕೆದಾರರ ಹೆಸರು, ಸ್ಥಿತಿ, ಆ ಸ್ಥಿತಿಯಲ್ಲಿ ಕಳೆದ ಸೆಕೆಂಡುಗಳು. ‘ಪ್ರೊಸೆಸ್’ ಅನುಮತಿಯಿಲ್ಲದ ವಿದ್ಯಾರ್ಥಿಗೆ ತನ್ನ ಖಾತೆಯ ಸಂಪರ್ಕಗಳಷ್ಟೇ ಕಾಣುವುದರಿಂದ, ಪೂರ್ಣ ಪಟ್ಟಿಯನ್ನು ಶಿಕ್ಷಕರೇ ಪರದೆಯ ಮೇಲೆ ತೋರಿಸಬೇಕು.

‘ಸ್ಲೀಪ್’ ಎಂದಿದ್ದರೆ ಸಂಪರ್ಕ ತೆರೆದಿದೆ, ಆದರೆ ಈ ಕ್ಷಣ ಯಾವ ಆದೇಶವೂ ನಡೆಯುತ್ತಿಲ್ಲ ಎಂದರ್ಥ. ಮಕ್ಕಳು ಅದನ್ನು ‘ವ್ಯರ್ಥ’ ಎಂದು ತಿಳಿದು ‘ಕಿಲ್’ ಕೊಡಲು ಮುಂದಾಗುವುದು ಇಲ್ಲಿಯೇ. ಆ ಬಳಕೆದಾರ ಟ್ರಾನ್ಸಾಕ್ಷನ್ ಆರಂಭಿಸಿ ಇನ್ನೂ ‘ಕಮಿಟ್’ ಮಾಡದೆ ಇರಬಹುದು. ಸಂಪರ್ಕ ಕಡಿದರೆ ಇನ್ನೋಡಿಬಿ ಕೋಷ್ಟಕಗಳಲ್ಲಿ ಅವನು ಮಾಡಿದ ಆ ಬದಲಾವಣೆಗಳೆಲ್ಲ ರದ್ದಾಗುತ್ತವೆ. ಮೊದಲು ಅವನನ್ನು ಕೇಳಬೇಕು.

ಮೌಲ್ಯಮಾಪನ: ಐದು ಸಂಪರ್ಕಗಳ ಪಟ್ಟಿ ಕೊಟ್ಟು, ಯಾವುದನ್ನು ಮುಚ್ಚುವಿರಿ, ಅದಕ್ಕೆ ಮುನ್ನ ಏನನ್ನು ಪರಿಶೀಲಿಸುವಿರಿ ಎಂದು ಬರೆಸಿ. ಎರಡನೆಯ ಉತ್ತರಕ್ಕೆ ಹೆಚ್ಚು ಅಂಕವಿರಲಿ.